ಹದಿನಾಲ್ಕು ದಿನಗಳ ದನಿ

ಗುರುಪಾದನ ಕಿವಿ ಹೋದದ್ದು ಬುಧವಾರ ಬೆಳಿಗ್ಗೆ, ಹಲ್ಲುಜ್ಜುವಾಗ. ನಲ್ಲಿ ಬಿಟ್ಟಿದ್ದ. ನೀರು ಸುರಿಯುವ ಸದ್ದು ನಡುವೆಯೇ ನಿಂತುಹೋಯಿತು. ನೀರು ಹೋಯಿತೇನೋ ಎಂದು ಕೈಯೊಡ್ಡಿ ನೋಡಿದ. ಅಂಗೈ ತುಂಬಿ ಹರಿಯುತ್ತಿತ್ತು. ತಲೆ ಎತ್ತುವಷ್ಟರಲ್ಲಿ ಬಚ್ಚಲುಮನೆಯ ಗೋಡೆಗಳು ಎಡಕ್ಕೆ ತಿರುಗತೊಡಗಿದವು. ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದವನು ಅಡುಗೆಮನೆಯ ಕಡೆ ಮುಖ ಮಾಡಿ ಕಿರುಚಿದ.

"ನೀಲಾ, ಕುಕ್ಕರ್ ಸೀಟಿ ಹೊಡೀತೇನು?"

ಆ ಗಳಿಗೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಲೇ ಇತ್ತು. ನೀಲಾಂಬಿಕಾ ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ಬಿಟ್ಟಳು. ಗಂಡ ಅಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಹದಿಮೂರು ವರ್ಷಗಳಲ್ಲಿ ಕೇಳಿರಲಿಲ್ಲ. ಆದರೆ ಅಂಥದೇ ದನಿಯನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು, ತಾನು ಕೆಲಸ ಮಾಡುವ ಕಿವಿಯ ಚಿಕಿತ್ಸಾ ಕೇಂದ್ರದಲ್ಲಿ. ತಮ್ಮ ದನಿ ತಮಗೇ ಕೇಳದವರು ಹಾಗೆಯೇ ಕಿರುಚುತ್ತಾರೆ.

ಗುರುಪಾದ ಹುಬ್ಬಳ್ಳಿಯ ಒಂದು ಬಸ್ ಡಿಪೋದಲ್ಲಿ ಹಿರಿಯ ಮೆಕ್ಯಾನಿಕ್. ಏಳನೇ ವಯಸ್ಸಿನಲ್ಲಿ ಮಂಗನಬಾವು ಬಂದು ಅವನ ಬಲಗಿವಿಯನ್ನು ತಿಂದುಕೊಂಡು ಹೋಗಿತ್ತು. ಉಳಿದ ಒಂದೇ ಕಿವಿಯಿಂದ ಅವನು ಎಂಜಿನ್ನುಗಳ ಕಾಯಿಲೆ ಹೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಎಡಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರೆ ಎರಡು ನಿಮಿಷದಲ್ಲಿ ಯಾವ ಬೇರಿಂಗು ಸವೆದಿದೆ ಎಂದು ಗೊತ್ತಾಗಿಬಿಡುತ್ತಿತ್ತು. ಈಗ ಆ ಕಿವಿಯೂ ಹೋಗಿತ್ತು.

ಆರು ವರ್ಷದ ಹಿಂದೆ ಒಂದು ಜ್ವರ ಬಂದು ಊರೂರು ಮಲಗಿಸಿತ್ತು. ಸತ್ತವರು ಕಡಿಮೆ. ಎಲ್ಲರೂ ಎದ್ದು ಕೆಲಸಕ್ಕೆ ಹೋದರು, ಮರೆತರು. ಮುಂದೆ ಎರಡು ವರ್ಷಕ್ಕೆ, ಮೂರು ವರ್ಷಕ್ಕೆ, ಇದ್ದಕ್ಕಿದ್ದಂತೆ ಜನರ ಕಿವಿ ಹೋಗತೊಡಗಿತು. ಒಬ್ಬನಿಗೆ ಸಂತೆಯಲ್ಲಿ, ಒಬ್ಬಳಿಗೆ ಪಾಠ ಮಾಡುವಾಗ. ಮೊದಲೂ ಇಂಥ ಕಾಯಿಲೆ ಇತ್ತು. ಆದರೆ ಸಾವಿರಾರು ಜನರಲ್ಲಿ ಒಬ್ಬರಿಗೆ ಬರುತ್ತಿದ್ದದ್ದು ಈಗ ಓಣಿಗೆ ಇಬ್ಬರಿಗೆ ಬರುತ್ತಿತ್ತು. ಆಗ ಬಂದದ್ದು ಕರ್ಣಾಂಕುರ. ಕಿವಿಯ ಒಳಗಿನ ಶಂಖದಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಕೋಶಗಳಿರುತ್ತವೆ; ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕರ್ಣಾಂಕುರ ಎಂಬ ಈ ಲೋಳೆಯನ್ನು ಕಿವಿಯ ಹಿಂದೆ ಸೂಜಿ ಚುಚ್ಚಿ ಕಿವಿದಮಟೆಯ ಆಚೆಗೆ ಬಿಟ್ಟರೆ ಅವು ಮತ್ತೆ ಚಿಗುರುತ್ತಿದ್ದವು. ಜನ ಅದನ್ನು ಕಿವಿಮೊಳಕೆ ಎಂದು ಕರೆದರು.

ಆದರೆ ಲೋಳೆ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಅದಕ್ಕಾಗಿ ಕೇಂದ್ರದಲ್ಲಿ ಚೇತರಿಕೆಯ ಅಂಕ ಹಾಕುತ್ತಿದ್ದರು. ಕಿವಿ ಹೋಗಿ ಎಷ್ಟು ದಿನವಾಯಿತು, ಎಷ್ಟು ಹೋಗಿದೆ, ತಲೆ ತಿರುಗುತ್ತದೆಯೇ, ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯೇ, ಇನ್ನೊಂದು ಕಿವಿ ಹೇಗಿದೆ. ಒಂದೊಂದಕ್ಕೂ ನೂರರಿಂದ ಕಳೆಯುತ್ತ ಹೋಗಬೇಕು. ಐವತ್ತಕ್ಕಿಂತ ಕೆಳಗಿಳಿದವರನ್ನು ವಾಪಸ್ಸು ಕಳಿಸಬೇಕು. ಆ ಲೆಕ್ಕ ಮಾಡುವ ಶ್ರವಣ ತಜ್ಞೆಯೇ ನೀಲಾಂಬಿಕಾ. ಜನ ಬೇಗ ಕಲಿತಿದ್ದರು. ತಲೆ ತಿರುಗಿ ವಾಂತಿ ಮಾಡಿಕೊಳ್ಳುತ್ತಿದ್ದವರು ಕೇಂದ್ರದ ಮೆಟ್ಟಿಲಲ್ಲಿ ಬಾಯಿ ಒರೆಸಿಕೊಂಡು ನೆಟ್ಟಗೆ ನಡೆದು ಬರುತ್ತಿದ್ದರು. ಎಂಟು ದಿನವಾದವರು ನಿನ್ನೆ ಎನ್ನುತ್ತಿದ್ದರು.

ತನ್ನ ಗಂಡನ ಲೆಕ್ಕವನ್ನು ಅವಳು ಸುಳ್ಳಿಲ್ಲದೆ ಬರೆದಳು. ಪೂರ್ತಿ ಹೋದದ್ದಕ್ಕೆ ಹನ್ನೆರಡು, ತಲೆ ತಿರುಗುವುದಕ್ಕೆ ಹದಿನೆಂಟು, ಸತ್ತ ಬಲಗಿವಿಗೆ ಒಂಬತ್ತು, ಮೊದಲ ದಿನಕ್ಕೆ ಮೂರು. ಐವತ್ತೆಂಟು ಉಳಿಯಿತು. ಮಧ್ಯಾಹ್ನವೇ ಸೂಜಿ ಹಾಕಿದರು.

ಸಂಜೆ ಮನೆಗೆ ಬರುವಾಗ ಗುರುಪಾದನ ಎಡಗಿವಿಯ ಮೇಲೆ ಬೂದು ಬಣ್ಣದ ಒಂದು ಬಟ್ಟಲು ಕೂತಿತ್ತು. ಅದಕ್ಕೆ ಕಿವಿಗೂಡು ಎಂದು ಹೆಸರು. ಅದರೊಳಗೆ ಒಬ್ಬ ಹೆಂಗಸಿನ ದನಿ ದಿನಕ್ಕೆ ಹನ್ನೆರಡು ಗಂಟೆ ಮಾತಾಡುತ್ತಿತ್ತು. ಪದಗಳು, ಅಂಕಿಗಳು, ಸಣ್ಣ ಸಣ್ಣ ವಾಕ್ಯಗಳು. ಹುಟ್ಟುವ ಕೋಶಗಳು ನರಕ್ಕೆ ಜೋಡಿಕೊಳ್ಳಲು ಹದಿನಾಲ್ಕು ದಿನ ಬೇಕು. ಅಷ್ಟು ದಿನ ಅವಕ್ಕೆ ಶುದ್ಧವಾದ ಸದ್ದು ಬೇಕು. ಹೀಗಾಗಿ ಮನೆಯವರು ಯಾರೂ ರೋಗಿಯ ಬಳಿ ಮಾತಾಡಬಾರದು. ಟಿವಿ ಕೂಡದು, ಪಾತ್ರೆ ಬಡಿಯಕೂಡದು. ಏನಿದ್ದರೂ ಪಾಟಿಯ ಮೇಲೆ ಬರೆದು ತೋರಿಸಬೇಕು. ಈ ನಿಯಮದ ಹಾಳೆಯನ್ನು ನೀಲಾಂಬಿಕಾ ಸಾವಿರಾರು ಮನೆಗಳಿಗೆ ಹಂಚಿದ್ದಳು. ಈಗ ತನ್ನ ಮನೆಯ ಗೋಡೆಗೇ ಅಂಟಿಸಿದಳು.

ಒಂಬತ್ತು ವರ್ಷದ ಮಗಳು ಶಾಲ್ಮಲಾ ಮೊದಲ ದಿನ ಇದನ್ನು ಆಟ ಎಂದುಕೊಂಡಳು. ಪಾಟಿಯ ಮೇಲೆ ಬೆಕ್ಕಿನ ಚಿತ್ರ ಬರೆದು ಅಪ್ಪನಿಗೆ ತೋರಿಸಿದಳು. ಮೂರನೇ ದಿನಕ್ಕೆ ಅವಳ ಆಟ ಮುಗಿಯಿತು. ಶಾಲೆಯಿಂದ ಬಂದವಳು ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು ಗೋಡೆಗೆ ಆತು ಕೂರುತ್ತಿದ್ದಳು. ಗುರುಪಾದ ಕಿಟಕಿಯ ಬಳಿ ಕುರ್ಚಿಯಲ್ಲಿ ಕಿವಿಗೂಡು ಕಟ್ಟಿಕೊಂಡು ಕೂತಿರುತ್ತಿದ್ದ, ಕಣ್ಣು ಮುಚ್ಚಿ. ಐದನೇ ದಿನ ಅವನ ಮುಖದಲ್ಲಿ ಒಂದು ಬದಲಾವಣೆ ಬಂತು. ಹುಬ್ಬು ಸಡಿಲವಾಯಿತು, ತುಟಿ ಸ್ವಲ್ಪ ತೆರೆಯಿತು. ಶಾಲ್ಮಲಾ ಅವನ ಮೊಣಕಾಲು ಮುಟ್ಟಿದಳು. ಅವನು ಕಣ್ಣು ತೆರೆಯಲಿಲ್ಲ.

ಹೊಸ ಕೋಶಗಳು ಸದ್ದು ಹಿಡಿಯತೊಡಗಿವೆ ಎಂದು ನೀಲಾಂಬಿಕಾಗೆ ಗೊತ್ತಾಯಿತು. ಸಂತೋಷಪಡಬೇಕಾದ ಹೊತ್ತು. ಆದರೆ ಮಗಳ ಕೈಯನ್ನು ಅವನು ನೊಣವನ್ನು ಸರಿಸಿದಂತೆ ಮೊಣಕಾಲಿನಿಂದ ಸರಿಸಿದ್ದನ್ನು ಅವಳು ನೋಡಿದ್ದಳು.

ಅದರ ಮರುದಿನವೇ ಫಕೀರವ್ವ ಕೇಂದ್ರಕ್ಕೆ ಬಂದಳು. ಕುಸುಗಲ್ಲಿನ ಕಡೆಯ ಹೆಂಗಸು, ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ವರ್ಷದ ಹಿಂದೆ ಮೊಳಕೆ ಹಾಕಿಸಿಕೊಂಡಿದ್ದಳು. ಕಳೆದ ತಪಾಸಣೆಯಲ್ಲಿ ಐವತ್ತು ಪದಗಳಲ್ಲಿ ನಲವತ್ತೆಂಟು ಸರಿಯಾಗಿ ಹೇಳಿದ್ದಳು. ಕೇಂದ್ರದ ಹೆಮ್ಮೆಯ ರೋಗಿ, ಗೋಡೆಯ ಮೇಲೆ ಅವಳ ಫೋಟೋ ಕೂಡ ಇತ್ತು.

"ಏನ್ ತ್ರಾಸು ಫಕೀರವ್ವಾ?" ಎಂದು ಕೇಳಿದಳು ನೀಲಾಂಬಿಕಾ.

"ಆಂ?"

"ಏನ್ ತ್ರಾಸು ಅಂದೆ."

ಫಕೀರವ್ವ ಅವಳ ಬಾಯಿಯನ್ನೇ ನೋಡಿದಳು. "ನೀವು ಮಾತಾಡೂದು ತಗಡು ಬಡದಂಗ ಕೇಳತೈತ್ರಿ ಬಾಯಾರ. ನನ್ನ ಮಗಂದೂ ಹಂಗ. ಸೊಸೀದೂ ಹಂಗ. ಆ ಅಕ್ಕ ಮಾತಾಡಿದ್ರ ಮಾತ್ರ ಒಂದೊಂದ ಅಕ್ಷರ ಕೇಳತೈತಿ."

"ಯಾವ ಅಕ್ಕ?" ಎಂದು ನೀಲಾಂಬಿಕಾ ಕಾಗದದಲ್ಲಿ ಬರೆದಳು.

"ಗೂಡಿನ್ಯಾಗ ಮಾತಾಡಾಕಿ. ಈಗ ರೇಶನ್ ಅಂಗಡ್ಯಾಗ ಆಕೀದ ದನಿ ಹಾಕ್ಯಾರಲ್ರಿ, ಬ್ಯಾಂಕಿನ್ಯಾಗೂ ಹಾಕ್ಯಾರ. ನಾ ಹೋಗಿ ಸುಮ್ನ ನಿಂದರ್ತೀನಿ." ಇಷ್ಟು ಹೇಳಿ ಅವಳು ದನಿ ತಗ್ಗಿಸಿದಳು. "ಮನೀಗೆ ಹೋಗಾಕ ಮನಸ ಬರೂದಿಲ್ಲ."

ನೀಲಾಂಬಿಕಾ ಅವಳನ್ನು ಸದ್ದಿಲ್ಲದ ಪರೀಕ್ಷಾ ಕೋಣೆಯಲ್ಲಿ ಕೂರಿಸಿದಳು. ಯಂತ್ರ ಎಂದಿನಂತೆ ಐವತ್ತು ಪದಗಳನ್ನು ಹೇಳಿತು. ಫಕೀರವ್ವ ನಲವತ್ತೊಂಬತ್ತು ಸರಿ ಹೇಳಿದಳು. ಆಗ ನೀಲಾಂಬಿಕಾ, ನಾಲ್ಕು ವರ್ಷದಲ್ಲಿ ಯಾರೂ ಮಾಡದ ಒಂದು ಕೆಲಸ ಮಾಡಿದಳು. ಯಂತ್ರ ನಿಲ್ಲಿಸಿದಳು. ಬಾಯಿಗೆ ಅಡ್ಡವಾಗಿ ಹಾಳೆ ಹಿಡಿದು, ಅಷ್ಟೇ ಗಟ್ಟಿಯಾಗಿ ಮೈಕಿನೊಳಗೆ ಅದೇ ಪದಗಳನ್ನು ತಾನೇ ಓದಿದಳು.

ಸರಿ ಬಂದದ್ದು ಹದಿನಾಲ್ಕು.

ಗಾಜಿನ ಆಚೆ ಫಕೀರವ್ವ ಕಷ್ಟಪಟ್ಟು ಮುಂದಕ್ಕೆ ಬಾಗಿ, 'ತೊಟ್ಟಿಲು' ಎಂದದ್ದಕ್ಕೆ 'ಕತ್ತಲು' ಎಂದು ಹೇಳುತ್ತಿದ್ದಳು. ನೀಲಾಂಬಿಕಾ ಹಾಳೆ ಕೆಳಗಿಟ್ಟಳು. ಪರೀಕ್ಷೆಯ ಯಂತ್ರದಲ್ಲಿದ್ದದ್ದು ಕಿವಿಗೂಡಿನ ದನಿಯೇ. ಕಲಿಸಿದ ದನಿಯಲ್ಲೇ ಪರೀಕ್ಷೆ ಮಾಡಿ, ನೂರಕ್ಕೆ ತೊಂಬತ್ತು ಜನ ಗುಣವಾದರು ಎಂದು ನಾಲ್ಕು ವರ್ಷದಿಂದ ಅವಳೇ ಸಹಿ ಹಾಕುತ್ತ ಬಂದಿದ್ದಳು. ಸಂಜೆಯೊಳಗೆ ತಪಾಸಣೆಗೆ ಬಂದ ಇನ್ನೂ ಏಳು ಜನರನ್ನು ಹಾಗೆಯೇ ಪರೀಕ್ಷಿಸಿದಳು. ಒಬ್ಬರೂ ಇಪ್ಪತ್ತು ದಾಟಲಿಲ್ಲ.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಮಿರಜಕರ ಅವಳ ಹಾಳೆಯನ್ನು ನಿಧಾನವಾಗಿ ಓದಿದರು. ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ಕುಂದರ್ರಿ," ಎಂದರು. "ಒಂದ ದನಿ ಕೊಟ್ರ ಕೋಶ ಲಗೂ ಜೋಡ್ಕೋತಾವ, ಗಟ್ಟಿ ನಿಲ್ತಾವ. ಹತ್ತು ಮಂದಿ ದನಿ ಕೊಟ್ರ ಗೊಂದಲ ಆಕ್ಕೈತಿ. ಅರ್ಧಕ್ಕರ್ಧ ಸಾಯ್ತಾವ. ಶುರುವಿನ್ಯಾಗ ಹನ್ನೊಂದು ಮಂದಿಗೆ ಮನೀ ಮಂದಿ ಮಾತ ಕೇಳಿಸಿ ನೋಡಿದ್ವಿ. ಆರು ಮಂದಿಗೆ ಒಂದೀಟು ಬಂತು. ಐದು ಮಂದಿಗೆ ಏನೂ ಬರಲಿಲ್ಲ. ಅಂಥಾ ಫಲ ತೋರಿಸಿದ್ರ ಪರವಾನಗಿ ಕೊಡ್ತಾರೇನು?"

"ಹಂಗಾರ ಇವ್ರಿಗೆ ಬಂದದ್ದು ಕಿವಿ ಅಲ್ರಿ ಸರ್. ಒಂದ ಹೆಂಗಸಿನ ದನಿ."

"ಹೆಂಗಸು ಅಲ್ಲ ಅದು. ಯಂತ್ರದಾಗ ಮಾಡಿದ್ದು. ಅದಕ್ಕ ವಯಸ್ಸಾಗೂದಿಲ್ಲ, ನೆಗಡಿ ಬರೂದಿಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಏನೂ ಕೇಳದವರಿಗೆ ಒಂದ ದನಿಯಾದ್ರೂ ಕೇಳತೈತಿ. ಆ ದನಿ ಬೇಕಂತ ಎಲ್ಲಾ ಕಡೆಯಿಂದ ಬೇಡಿಕಿ ಬರಾಕತ್ತೈತಿ. ಬರೋ ತಿಂಗಳ ಬಸ್ ನಿಲ್ದಾಣ, ಆಮ್ಯಾಲೆ ಸಾಲಿ, ಕೋರ್ಟು. ನಾಲ್ವತ್ತು ಸಾವಿರ ಮಂದಿ ಅದಾರ ನೀಲಾಂಬಿಕಾ ಅವರ. ಅವ್ರಿಗೆ ಅನುಕೂಲ ಅಲ್ಲೇನು?"

"ಯಾರು ಏನ್ ಹೇಳ್ತಾರ ಆ ದನಿಯೊಳಗ? ಅದನ್ನ ಬರದು ಕೊಡೋರು ಯಾರು?"

ಮಿರಜಕರ ಹಾಳೆಯನ್ನು ಮಡಿಚಿ ಅವಳಿಗೆ ವಾಪಸ್ಸು ಕೊಟ್ಟರು. "ನಿಮ್ಮ ಯಜಮಾನ್ರದು ಇವತ್ತ ಎಷ್ಟನೇ ದಿನ?" ಎಂದು ಕೇಳಿದರು.

"ಆರನೇದು."

"ಹಂಗಾರ ಛಲೋ ನಡದೈತಿ. ಕೆಡಸಬ್ಯಾಡ್ರಿ."

ಮನೆಗೆ ಬಂದಾಗ ಇನ್ನೂ ಇಳಿಬಿಸಿಲಿತ್ತು. ಶಾಲ್ಮಲಾ ಮೂಲೆಯಲ್ಲಿ ಬಾಯಿಯ ಮೇಲೆ ಅಂಗೈ ಇಟ್ಟುಕೊಂಡು ಕೆಮ್ಮುತ್ತಿದ್ದಳು. ನೀಲಾಂಬಿಕಾ ಗಂಡನ ಎದುರು ನೆಲಕ್ಕೆ ಕೂತು ಪಾಟಿ ತೆಗೆದುಕೊಂಡಳು. ತುಂಬಾ ಬರೆಯಬೇಕಿತ್ತು, ಬರೆದು, ತೋರಿಸಿ, ಒರೆಸಿ, ಮತ್ತೆ ಬರೆದಳು. ಗೂಡು ಇಟ್ಟುಕೊಂಡರೆ ಆ ದನಿ ಖಂಡಿತ ಬರುತ್ತದೆ, ನಾವು ತಗಡಾಗುತ್ತೇವೆ. ತೆಗೆದರೆ ನಮ್ಮ ದನಿ ಬರಬಹುದು, ಏನೂ ಬರದೆಯೂ ಹೋಗಬಹುದು. ಹನ್ನೊಂದರಲ್ಲಿ ಆರು. ಹದಿನಾಲ್ಕು ದಿನ ಕಳೆದ ಮೇಲೆ ಏನೂ ಮಾಡಲು ಬರುವುದಿಲ್ಲ.

ಗುರುಪಾದ ಎಲ್ಲವನ್ನೂ ಓದಿದ. ಅವನ ಕಣ್ಣುಗಳು ಎರಡು ಸಲ ಮುಚ್ಚಿಕೊಂಡವು. ಗೂಡಿನೊಳಗೆ ಆ ಹೆಂಗಸು ಮಾತಾಡುತ್ತಿದ್ದಳು. ಪಾಟಿ ಇಸಿದುಕೊಂಡು ಬರೆದ: ಎಂಜಿನ್?

'ಗೊತ್ತಿಲ್ಲ' ಎಂದು ಬರೆದಳು ನೀಲಾಂಬಿಕಾ.

ಅವನು ಕಿವಿಗೂಡಿನ ಮೇಲೆ ಅಂಗೈ ಇಟ್ಟುಕೊಂಡ. ನಾಲ್ಕು ದಿನದ ನಿಶ್ಶಬ್ದದ ನಂತರ ಬಂದ ಮೊದಲ ಸದ್ದು ಅದು. ಅದನ್ನು ಬಿಡಲು ಅವನಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಅವನ ದವಡೆಯೇ ಹೇಳುತ್ತಿತ್ತು. ಕೊನೆಗೆ ಎರಡೂ ಕೈಯಿಂದ ಗೂಡನ್ನು ಕಿತ್ತು ಕಿಟಕಿಯ ಕಟ್ಟೆಯ ಮೇಲಿಟ್ಟ. ಓಣಿಗೆಲ್ಲ ಕೇಳುವಂತೆ ಕೂಗಿದ.

"ಶಾಲೂ, ಮಾತಾಡ್!"

ಹುಡುಗಿ ಬೆಚ್ಚಿ ಅವ್ವನ ಕಡೆ ನೋಡಿದಳು. ನೀಲಾಂಬಿಕಾ ತಲೆಯಾಡಿಸಿದಳು. ಶಾಲ್ಮಲಾ ಅಪ್ಪನ ತೊಡೆಯೇರಿ, ಎಡಗಿವಿಗೆ ಬಾಯಿಟ್ಟು, ಏನು ಮಾತಾಡಬೇಕೋ ತಿಳಿಯದೆ ಏಳರ ಮಗ್ಗಿ ಹೇಳಿದಳು. ಮಗ್ಗಿ ಮುಗಿಯಿತು. ಆಮೇಲೆ ಮಾತಿನ ಕಟ್ಟೆ ಒಡೆಯಿತು. ಟೀಚರು ಬೈದದ್ದು, ಗೆಳತಿ ಪೆನ್ಸಿಲ್ ಕದ್ದದ್ದು, ಮನೆಯಲ್ಲಿ ತನಗೆ ಹೆದರಿಕೆಯಾದದ್ದು, ಅಪ್ಪ ಕೈ ಸರಿಸಿದ್ದು.

ಮೂರು ತಾಸಿನ ಮೇಲೆ ಫೋನ್ ಬಂತು. ನೀಲಾಂಬಿಕಾ ಎತ್ತಿದಳು.

"ನೀಲಾಂಬಿಕಾ ಅವರೇ," ಎಂದಿತು ಕಿವಿಗೂಡಿನ ಅದೇ ದನಿ, ತಾಯಿಯೊಬ್ಬಳು ಮಗುವನ್ನು ಎಬ್ಬಿಸುವಷ್ಟು ಮೃದುವಾಗಿ. "ಗುರುಪಾದ ಅವರ ಕಿವಿಗೂಡು ತಣ್ಣಗಾಗಿದೆ. ದಯವಿಟ್ಟು ಮತ್ತೆ ಹಾಕಿ."

ಅವಳು ಫೋನ್ ಇಟ್ಟಳು. ಮರುದಿನ ಇಬ್ಬರು ಬಂದು ಗೂಡನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು. ಕೇಂದ್ರದ ಬಾಗಿಲು ಅವಳ ಕಾರ್ಡಿಗೆ ತೆರೆಯಲಿಲ್ಲ. ಅವಳ ಕುರ್ಚಿಯಲ್ಲಿ ಯಾರೋ ಹೊಸಬಳು ಕೂತಿದ್ದು ಗಾಜಿನಿಂದ ಕಾಣಿಸಿತು. ನಾಲ್ಕು ವರ್ಷದ ದಾಖಲೆಗಳು ಒಳಗೇ ಉಳಿದವು. ಅವಳ ಕೈಚೀಲದಲ್ಲಿದ್ದದ್ದು ಎಂಟು ಜನರ ಅಂಕಗಳಿದ್ದ ಒಂದೇ ಹಾಳೆ.

ಉಳಿದ ದಿನ ಅವರು ಸರದಿಯ ಮೇಲೆ ಮಾತಾಡಿದರು. ಮಾತು ಮುಗಿದಾಗ ಸಾಮಾನಿನ ಚೀಟಿ ಓದಿದರು, ಮದುವೆ ಕಾಗದ ಓದಿದರು, ಡಿಪೋದಿಂದ ತಂದಿದ್ದ ಎಂಜಿನ್ ದುರಸ್ತಿಯ ಪುಸ್ತಕ ಓದಿದರು. ನೀಲಾಂಬಿಕಾಳ ಗಂಟಲು ಹುಣ್ಣಾಯಿತು. ಹತ್ತನೇ ದಿನ ಗುರುಪಾದನಿಗೆ ಏನೂ ಕೇಳುತ್ತಿರಲಿಲ್ಲ, ಗೂಡಿನಲ್ಲಿ ಬಂದಿದ್ದೂ ಹೋಗಿತ್ತು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಹೆಂಡತಿಯ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಹನ್ನೆರಡನೇ ದಿನ ಮಧ್ಯಾಹ್ನ ಶಾಲ್ಮಲಾ ಓದುವಾಗ 'ಕ್ರ್ಯಾಂಕ್‌ಶಾಫ್ಟ್' ಎನ್ನಲು ಹೋಗಿ ತೊದಲಿದಳು. ಗುರುಪಾದ ಗೋಡೆಯ ಕಡೆ ಮುಖ ಮಾಡಿಕೊಂಡೇ ಅದನ್ನು ತಿದ್ದಿ ಹೇಳಿದ.

ಬಂದದ್ದು ಪೂರ್ತಿಯಲ್ಲ. ಹದಿನಾಲ್ಕನೇ ದಿನ ನೀಲಾಂಬಿಕಾ ಮನೆಯಲ್ಲೇ ಅವೇ ಐವತ್ತು ಪದಗಳನ್ನು ಓದಿ, ಓದಿಸಿ ನೋಡಿದಳು. ಮಗಳ ದನಿಯಲ್ಲಿ ಮೂವತ್ತೆಂಟು, ತನ್ನ ದನಿಯಲ್ಲಿ ಇಪ್ಪತ್ತಾರು, ಪಕ್ಕದ ಮನೆಯವರ ದನಿಯಲ್ಲಿ ಹನ್ನೊಂದು. ಡಿಪೋಗೆ ಹೋಗಿ ಸ್ಕ್ರೂಡ್ರೈವರ್ ಹಿಡಿದು ನಿಂತ ಗುರುಪಾದನಿಗೆ ಎಂಜಿನ್ನು ಮರಳು ಸುರಿದಂತೆ ಕೇಳಿಸಿತು. ಅವನನ್ನು ಟಯರ್ ಬದಲಿಸುವ ಕೆಲಸಕ್ಕೆ ಹಾಕಿದರು. ಆ ದಿನ ಊಟಕ್ಕೆ ಕೂತಾಗ ಅವನು ಹೆಂಡತಿಗೆ, "ನಾ ಯಾವಾಗ್ಲಾದ್ರೂ ಸಿಟ್ಟಿಗೆದ್ದು ಏನರೆ ಅಂದ್ರ ಮನಸಿಗೆ ಹಚ್ಕೋಬ್ಯಾಡ," ಎಂದ. "ನಿನ್ನ ದನಿ ಕೇಳಾಕತ್ತೈತಿ. ಅದನ್ನ ಮರೀಬಾರದು ನಾ."

ಮೂರು ತಿಂಗಳು ನೀಲಾಂಬಿಕಾ ಅಲೆದಳು. ಪತ್ರಿಕೆಯವರು ದಾಖಲೆ ಕೇಳಿದರು. ವೈದ್ಯರ ಸಂಘದವರು ಎಂಟು ಜನರ ಅಂಕ ಸಾಲದು ಎಂದರು. ಗುಣವಾದವರಿಗೇ ಹೇಳಿಬಿಡೋಣ ಎಂದು ಅವರ ಮನೆಗಳಿಗೆ ಹೋದಳು. ಅವರು ಬಾಗಿಲಲ್ಲಿ ನಿಂತು ಅವಳ ಬಾಯಿಯನ್ನು ನೋಡಿ, ಕಿವಿ ಮುಟ್ಟಿಕೊಂಡು, ನಕ್ಕು ಒಳಗೆ ಹೋದರು. ವಿಷಯ ತಿಳಿಯಬೇಕಾದವರಿಗೆ ಅವಳ ಮಾತೇ ಕೇಳುತ್ತಿರಲಿಲ್ಲ. ಕೊನೆಗೆ ಅವಳು ಒಂದು ಪುಟದಲ್ಲಿ ಎಲ್ಲವನ್ನೂ ಸರಳವಾಗಿ ಬರೆದು ಐನೂರು ಪ್ರತಿ ಮಾಡಿಸಿದಳು. ನಿಮಗೆ ಬಂದದ್ದು ಒಂದೇ ದನಿ. ನಿಮ್ಮ ಮನೆಯವರಿಗೆ ಕಿವಿ ಹೋದರೆ ಅವರ ಹತ್ತಿರ ನೀವೇ ಮಾತಾಡಿ. ಹದಿನಾಲ್ಕು ದಿನ ಬಿಡದೆ ಮಾತಾಡಿ.

ಒಂದು ಭಾನುವಾರ ಸಂಜೆ ಮೂವರೂ ಬಸ್ ನಿಲ್ದಾಣಕ್ಕೆ ಹೋದರು. ಗದಗ, ವಿಜಯಪುರದ ಕಡೆ ಹೋಗುವವರಿಂದ ಬೆಂಚುಗಳು ತುಂಬಿದ್ದವು. ಕಿವಿಯ ಹಿಂದೆ ಸೂಜಿಯ ಬಿಳಿ ಕಲೆ ಇದ್ದವರನ್ನು ನೀಲಾಂಬಿಕಾ ಗುರುತಿಸುತ್ತಿದ್ದಳು. ಅವಳಿಗೆ ಅದು ಅಭ್ಯಾಸ. ಎಣಿಸಿದ್ದಕ್ಕಿಂತ ಹೆಚ್ಚು ಜನ ಇದ್ದರು. ಅವರಿಗೆ ಹಾಳೆ ಕೊಟ್ಟಳು; ವಿಚಾರಣೆಯ ಕಿಟಕಿಯವನೂ ಒಂದು ಇಸಿದುಕೊಂಡ. ಮಾತಿಲ್ಲದ ಕಾಗದ ಅವರಿಗೆ ಹಿತವೆನಿಸಿರಬೇಕು, ಜನ ಓದತೊಡಗಿದರು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಒಬ್ಬ ಹೆಂಗಸು ಮೊದಲ ಸಾಲು ಓದಿ, ಮತ್ತೆ ಓದಿ, ತಟ್ಟನೆ ತಲೆಯೆತ್ತಿದಳು. ಅವಳ ಕಣ್ಣಲ್ಲಿ ನೀರಿತ್ತು. ಮಗುವಿನ ಬಾಯಿಯ ಮೇಲೆ ಬೆರಳಿಟ್ಟು ಇದರ ದನಿ ಕೇಳದ್ದು ಇದಕ್ಕೇನಾ ಎಂದು ಕೇಳುವಂತೆ ನೀಲಾಂಬಿಕಾಳನ್ನು ನೋಡಿದಳು. ನೀಲಾಂಬಿಕಾ ಹೌದೆಂದು ತಲೆಯಾಡಿಸಿದಳು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವಳಿಗೆ ಉಸಿರು ಸಲೀಸಾಗಿ ಬಂತು.

ಆಗ ಮೇಲಿನ ಧ್ವನಿವರ್ಧಕ ತೆರೆದುಕೊಂಡಿತು.

ಗುರುಪಾದ ಮುಖ ಕಿವುಚಿದ. "ಅದೇನದು ಸಪ್ಪಳ? ಯಾರು ಗೋಡೆ ಕೆರಿಯಾಕತ್ಯಾರ?"

ನಿಲ್ದಾಣದ ಉದ್ದಕ್ಕೂ ಬಿಳಿ ಕಲೆಯ ತಲೆಗಳು ಒಂದೇ ಸಲ ಮೇಲಕ್ಕೆ ತಿರುಗಿದ್ದವು. ಹುಬ್ಬುಗಳು ಸಡಿಲವಾಗಿದ್ದವು, ತುಟಿಗಳು ಸ್ವಲ್ಪ ತೆರೆದಿದ್ದವು.

ಶಾಲ್ಮಲಾ ಅಪ್ಪನ ಕಿವಿಗೆ ಬಾಯಿಟ್ಟು, ಕೇಳಿಸಿದ್ದನ್ನು ಹಾಗೆಯೇ ಹೇಳಿದಳು. "ಪ್ರಯಾಣಿಕರ ಗಮನಕ್ಕೆ ಅಂತಪ್ಪಾ. ನಿಮ್ಮ ಕೈಯಾಗ ಯಾರೋ ಒಂದು ಕಾಗದ ಕೊಟ್ಟಾರಂತ. ಅದು ಸುಳ್ಳಂತ. ಓದಬ್ಯಾಡ್ರಿ ಅಂತ." ಅವಳ ದನಿ ಸಣ್ಣದಾಯಿತು. "ಕೊಟ್ಟವರಿಗೇ ತಿರುಗಿ ಕೊಡ್ರಿ ಅಂತ."

ಮೊದಲು ಎದ್ದದ್ದು ಮಗುವಿನ ತಾಯಿ. ಮಗುವನ್ನು ಬೆಂಚಿನ ಮೇಲೆ ಬಿಟ್ಟು ಬಂದಳು. ಅದು ಎಚ್ಚರವಾಗಿ ಅಳುತ್ತಿತ್ತು, ಅವಳು ತಿರುಗಿ ನೋಡಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನೀಲಾಂಬಿಕಾಳ ಅಂಗೈಯಲ್ಲಿಟ್ಟಳು. ಅವಳ ಕೆನ್ನೆಯ ಮೇಲಿನ ನೀರು ಇನ್ನೂ ಒಣಗಿರಲಿಲ್ಲ. ಅವಳ ಹಿಂದೆ ಒಬ್ಬ ಮುದುಕ, ಅವನ ಹಿಂದೆ ಇಬ್ಬರು ಕಾಲೇಜು ಹುಡುಗಿಯರು, ಅವರ ಹಿಂದೆ ಬೆಂಚಿನ ಸಾಲು ಸಾಲೇ. ತಳ್ಳಾಟವಿಲ್ಲ, ಗದ್ದಲವಿಲ್ಲ. ಒಬ್ಬೊಬ್ಬರೇ ಬಂದು ವಿನಯದಿಂದ ಹಾಳೆ ವಾಪಸ್ಸು ಕೊಟ್ಟು, ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತರು.